ಮೂರು ತಿಂಗಳ ಕೋಳಿಗಳು ಪುಕ್ಕ ಉದುರಿಸಿದಾಗ: ಮಾಗಡಿ ಕಡೆಯ ಒಂದು ಪ್ರಕರಣ

ಮಾಗಡಿ ತಾಲ್ಲೂಕಿನ ಒಂದು ಹಳ್ಳಿಯ ಮನೆ. ಸ್ವಲ್ಪ ರಾಗಿ ಹೊಲ, ಎರಡು ಹಸು, ಹಿತ್ತಲಲ್ಲಿ ಕೋಳಿ. ಜುಲೈ ಮೊದಲ ವಾರ ಅವರು ಒಂದು ತಿಂಗಳ 24 ಗಿರಿರಾಜ ತಳಿಯ ಕೋಳಿಮರಿಗಳನ್ನು ತಂದಿದ್ದರು. ಸೆಪ್ಟೆಂಬರ್ ಮೊದಲ ವಾರ ಮನೆಯಾಕೆ ನನಗೆ ಫೋನ್ ಮಾಡಿದರು. "ಅಣ್ಣಾ, ಗೂಡೆಲ್ಲಾ ಬರೀ ಪುಕ್ಕ. ದಿನಾ ಬೆಳಗ್ಗೆ ಗುಡಿಸಿದ್ರೆ ಒಂದು ಮೊರ ಸಿಗ್ತದೆ. ಕೊಕ್ಕರೆ ರೋಗ ಏನಾದ್ರೂ ಬಂತಾ?"

ಕೊಕ್ಕರೆ ರೋಗ ಅಂದರೆ ರಾಣಿಖೇತ್, ಕೋಳಿಗಳನ್ನು ಸಾಲಾಗಿ ಕೊಲ್ಲುವ ಸಾಂಕ್ರಾಮಿಕ ರೋಗ. ಆ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಹಿಂದಿನ ಬೇಸಿಗೆಯಲ್ಲಿ ಅದೇ ಬೀದಿಯ ನಾಟಿ ಕೋಳಿಗಳು ಸಾಲಾಗಿ ಸತ್ತಿದ್ದವು. ಹಾಗಾಗಿ ಯಜಮಾನರು ಯಾರೋ ಹೇಳಿದ್ದು ಕೇಳಿ ಆ್ಯಂಟಿಬಯೋಟಿಕ್ ಪುಡಿ ತಂದು ಇಟ್ಟಿದ್ದರು. ನೀರಿಗೆ ಬೆರೆಸುವುದೊಂದೇ ಬಾಕಿ. ಮನೆಯ ಅಜ್ಜಿ ಮಾತ್ರ ಒಪ್ಪಿರಲಿಲ್ಲ. "ಮಳೆಗಾಲ ಮುಗಿಯೋ ಹೊತ್ತಿಗೆ ಕೋಳಿ ಪುಕ್ಕ ಬಿಡೋದು ಇದ್ದದ್ದೇ ಅಲ್ವಾ" ಅನ್ನುವುದು ಅವರ ಮಾತು. ಪುಡಿ ಹಾಕಬೇಡಿ, ನಾಳೆ ಬರ್ತೀನಿ ಅಂತ ಹೇಳಿದೆ.

ಇಂಥ ಫೋನ್ ಬಂದಾಗ ನಾನು ಮೊದಲು ಕೇಳುವುದು ಕೋಳಿಯ ವಯಸ್ಸು. ಎಷ್ಟೋ ಸಲ ಅರ್ಧ ಉತ್ತರ ಅದರಲ್ಲೇ ಇರುತ್ತದೆ. ಇಲ್ಲಿ ಲೆಕ್ಕ ಹಾಕಿದರೆ ಕೋಳಿಗಳಿಗೆ 13ನೇ ವಾರ ನಡೆಯುತ್ತಿತ್ತು. ಪುಕ್ಕ ಉದುರಲೇಬೇಕಾದ ಸಮಯ ಅದು.

ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಚೆನ್ನಾಗಿರುವ ಕೋಳಿಗೆ ಔಷಧ ಬೀಳುತ್ತಿದೆ. ಮೊಟ್ಟೆಯಿಂದ ಬಂದ ದಿನ ಮರಿ ಸುಮಾರು 40 ಗ್ರಾಂ ತೂಗುತ್ತದೆ. ಆರು ತಿಂಗಳಾಗುವಾಗ ಗಿರಿರಾಜದಂಥ ಕೋಳಿ ಎರಡು ಕಿಲೋ ದಾಟುತ್ತದೆ. ಚರ್ಮ ಬೆಳೆಯುತ್ತದೆ, ಮೂಳೆ ಬೆಳೆಯುತ್ತದೆ. ಪುಕ್ಕ ಮಾತ್ರ ಹಾಗಲ್ಲ. ಒಮ್ಮೆ ಪೂರ್ತಿ ಬಿಚ್ಚಿಕೊಂಡ ಮೇಲೆ ಅದು ಸತ್ತ ವಸ್ತು, ನಮ್ಮ ಉಗುರಿನ ತುದಿ ಇದ್ದ ಹಾಗೆ. ಮೈ ದೊಡ್ಡದಾದಂತೆ ಅದು ದೊಡ್ಡದಾಗುವುದಿಲ್ಲ. ಹಾಗಾಗಿ ಹಳೆಯದು ಬೀಳಬೇಕು, ಚರ್ಮದ ಅದೇ ಗುಳಿಯಿಂದ ದೊಡ್ಡದು ಬರಬೇಕು. ಮೊಟ್ಟೆಗೆ ಬರುವ ಮೊದಲು ಕೋಳಿಯ ಮೈಯಲ್ಲಿ ಈ ಕೆಲಸ ನಾಲ್ಕು ಸಲ ನಡೆಯುತ್ತದೆ. ಒಂದರಿಂದ ಆರು ವಾರದೊಳಗೆ ತುಪ್ಪಳ ಪೂರ್ತಿ ಹೋಗಿ ಮೊದಲ ಪುಕ್ಕ ಬರುತ್ತದೆ. ಆಮೇಲೆ 7ರಿಂದ 9 ವಾರ, 12ರಿಂದ 16 ವಾರ, 20ರಿಂದ 22 ವಾರ. ಈ ಮೂರು ಸಲವೂ ಪೂರ್ತಿ ಅಲ್ಲ, ಅಷ್ಟಷ್ಟೇ. ತಳಿ, ಮೇವು, ಹವಾಮಾನ ನೋಡಿಕೊಂಡು ಒಂದೆರಡು ವಾರ ಆಚೀಚೆ ಆಗಬಹುದು.

ಮೊದಲ ಸಲದ್ದು ಯಾರ ಗಮನಕ್ಕೂ ಬರುವುದಿಲ್ಲ. ಹೊಸ ಪುಕ್ಕ ಹಳೆ ತುಪ್ಪಳವನ್ನು ತನ್ನ ತುದಿಯಲ್ಲೇ ಹೊತ್ತುಕೊಂಡು ಹೊರಗೆ ಬರುತ್ತದೆ. ಮೂರು ವಾರದ ಮರಿಯನ್ನು ಹತ್ತಿರದಿಂದ ನೋಡಿ, ಭುಜದ ಪುಕ್ಕದ ತುದಿಯಲ್ಲಿ ಹಳದಿ ನಾರಿನಂಥದ್ದು ಅಂಟಿಕೊಂಡಿರುತ್ತದೆ. ಅದೇ ಹುಟ್ಟಿದ ದಿನದ ತುಪ್ಪಳ. ಸ್ವಲ್ಪ ದಿನದಲ್ಲಿ ಮುರಿದು ಬಿದ್ದು ನೆಲಕ್ಕೆ ಹಾಸಿದ ಹೊಟ್ಟಿನಲ್ಲಿ ಸೇರಿಹೋಗುತ್ತದೆ. ಮೂರನೆಯ ಸಲ, ಅಂದರೆ 12 ವಾರ ದಾಟಿದ ಮೇಲೆ ಬೀಳುವುದು ದೊಡ್ಡ ದೊಡ್ಡ ಪುಕ್ಕ. ಗುಡಿಸಿದರೆ ಮೊರ ತುಂಬುತ್ತದೆ. ಜನ ಹೆದರುವುದು ಆಗಲೇ.

ಅಜ್ಜಿ ಹೇಳಿದ ಮಾತು ಸುಳ್ಳಲ್ಲ, ಆದರೆ ಅದು ದೊಡ್ಡ ಕೋಳಿಯ ವಿಷಯ. ಒಂದು ವರ್ಷ ದಾಟಿದ ಕೋಳಿ ಹಗಲು ಕಡಿಮೆಯಾಗುವ ತಿಂಗಳುಗಳಲ್ಲಿ ಮೊಟ್ಟೆ ನಿಲ್ಲಿಸಿ ಪುಕ್ಕ ಬದಲಿಸುತ್ತದೆ. ನಮ್ಮ ಬೆಂಗಳೂರು ಸೀಮೆಯಲ್ಲಿ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಅಷ್ಟೆ. ಹಾಗಾಗಿ ಚಳಿದೇಶಗಳಲ್ಲಿ ಆಗುವ ಹಾಗೆ ಇಲ್ಲಿ ಎಲ್ಲಾ ಕೋಳಿಗಳೂ ಒಟ್ಟಿಗೆ ಬೋಳಾಗುವುದು ಕಡಿಮೆ. ಎಳೆ ಕೋಳಿಗೆ ಈ ಹಗಲಿನ ಲೆಕ್ಕವೇ ಬೇಕಿಲ್ಲ. ಅದು ವಯಸ್ಸನ್ನು ನೋಡಿ ಪುಕ್ಕ ಬಿಡುತ್ತದೆ. ಮಾರ್ಚ್‌ನಲ್ಲಿ ಹುಟ್ಟಿದರೂ ಅಷ್ಟೇ, ಅಕ್ಟೋಬರ್‌ನಲ್ಲಿ ಹುಟ್ಟಿದರೂ ಅಷ್ಟೇ.

ಮರುದಿನ ಬೆಳಗ್ಗೆ ಹೋದೆ. ತಾಲ್ಲೂಕಿನ ಪಶುವೈದ್ಯರೂ ಅದೇ ದಾರಿಯಲ್ಲಿ ಬರುವವರಿದ್ದರು, ಜೊತೆಗೆ ಬಂದರು. ಕೋಳಿ ಹಿಡಿಯುವ ಮೊದಲು ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡಿದೆವು. ಇದನ್ನು ಬಹಳ ಜನ ಮಾಡುವುದಿಲ್ಲ, ನೇರ ಹೋಗಿ ಹಿಡಿಯುತ್ತಾರೆ. ರೋಗ ಇರುವ ಕೋಳಿ ಮೂಲೆಯಲ್ಲಿ ಕೂತು, ಮೈ ಉಬ್ಬಿಸಿ, ಕಣ್ಣು ಮುಚ್ಚಿಕೊಂಡಿರುತ್ತದೆ. ಇಲ್ಲಿ ಒಂದೂ ಹಾಗಿರಲಿಲ್ಲ. ಮೇವು ಹಾಕಿದ ಕೂಡಲೇ ಎಲ್ಲವೂ ಓಡಿ ಬಂದವು. ಜುಟ್ಟು ಕೆಂಪಗಿತ್ತು. ಹಿಕ್ಕೆ ಗಟ್ಟಿಯಾಗಿ, ಮೇಲೆ ಬಿಳಿ ಇಟ್ಟುಕೊಂಡು ಸರಿಯಾಗಿತ್ತು. ಹಸಿರು ಭೇದಿ ಇಲ್ಲ, ರಕ್ತ ಇಲ್ಲ. ಗೊರಗುಟ್ಟುವ ಉಸಿರು ಇಲ್ಲ, ಕತ್ತು ತಿರುಚಿಕೊಂಡದ್ದೂ ಇಲ್ಲ. ಕೊಕ್ಕರೆ ರೋಗ ಅಲ್ಲ ಅಂತ ವೈದ್ಯರು ಅಲ್ಲೇ ಹೇಳಿದರು.

ಆಮೇಲೆ ಒಂದು ಎಳೆ ಹುಂಜ ಹಿಡಿದೆವು. ದೂರದಿಂದ ನೋಡಿದಾಗ ಅದರ ಕತ್ತು ತರಚಿದ ಹಾಗೆ, ಬೆನ್ನು ಕೆದರಿದ ಹಾಗೆ ಕಾಣುತ್ತಿತ್ತು. ಕತ್ತಿನ ಪುಕ್ಕ ಬೆರಳಿನಿಂದ ಸರಿಸಿದರೆ ಕೆಳಗೆ ಚರ್ಮ ನುಣುಪಾಗಿ, ತಿಳಿ ಗುಲಾಬಿಯಾಗಿತ್ತು. ಗಾಯ ಇಲ್ಲ, ಹೊಪ್ಪಳೆ ಇಲ್ಲ. ಚರ್ಮದ ತುಂಬ ಸಾಲು ಸಾಲಾಗಿ ಸಣ್ಣ ಕಡ್ಡಿಗಳಂಥ ಹೊಸ ಪುಕ್ಕ. ಪ್ರತಿಯೊಂದರ ಮೇಲೂ ತೆಳ್ಳಗಿನ ಬೂದು ಪೊರೆ, ಬುಡದಲ್ಲಿ ಕಪ್ಪುನೀಲಿ ಬಣ್ಣ. ಆ ಬಣ್ಣ ರಕ್ತದ್ದು. ಬೆಳೆಯುವ ಪುಕ್ಕದೊಳಗೆ ರಕ್ತನಾಳ ಇರುತ್ತದೆ, ಬೆಳೆದು ಮುಗಿದ ಮೇಲೆ ಅದು ಒಣಗುತ್ತದೆ. ಕೋಳಿ ಕೊಕ್ಕಿನಿಂದ ಪೊರೆ ಕಡಿದಾಗ ಒಳಗಿನ ಪುಕ್ಕ ಬಿಚ್ಚಿಕೊಳ್ಳುತ್ತದೆ. ಗೂಡಿನಲ್ಲಿ ಬೀಳುವ ಬಿಳಿ ತೌಡಿನಂಥ ಪುಡಿ ಈ ಪೊರೆಯದ್ದೇ. ಮನೆಯವರು ಅದನ್ನು ಚರ್ಮರೋಗದ ಹೊಟ್ಟು ಅಂದುಕೊಂಡಿದ್ದರು.

ಮುಟ್ಟಿದಾಗ ಹುಂಜ ಕಿರುಚಿತು. ಈ ಹಂತದಲ್ಲಿ ಹೊಸ ಪುಕ್ಕ ಒತ್ತಿದರೆ ನೋವಾಗುತ್ತದೆ, ಮುರಿದರೆ ರಕ್ತ ಸುರಿಯುತ್ತದೆ. ಮನೆಯ ಮಕ್ಕಳು ಕೋಳಿಗಳನ್ನು ಸಂಜೆ ಎತ್ತಿಕೊಂಡು ಓಡಾಡುತ್ತಿದ್ದರು. ಸ್ವಲ್ಪ ದಿನ ಬೇಡ ಅಂತ ಹೇಳಿದೆವು.

ಹುಂಜಗಳ ಕತ್ತಿನಲ್ಲೂ ಬೆನ್ನಿನ ಹಿಂಭಾಗದಲ್ಲೂ ಆಗಲೇ ಬಿಚ್ಚಿಕೊಂಡಿದ್ದ ಪುಕ್ಕ ಉದ್ದ, ಚೂಪು, ಹೊಳಪು. ಹ್ಯಾಟೆಗಳದ್ದು ತುದಿ ದುಂಡಗೆ. ಮೂರು ತಿಂಗಳವರೆಗೆ ಒಂದೇ ಥರ ಕಾಣುತ್ತಿದ್ದ ಮರಿಗಳು ಗಂಡು ಹೆಣ್ಣು ಅಂತ ಪುಕ್ಕದಲ್ಲೇ ಬೇರೆಯಾಗುವುದು ಈ ಸಲದ ಬದಲಾವಣೆಯಲ್ಲಿ. ನನಗೆ ಯಾವಾಗಲೂ ಬೆರಗು ಹುಟ್ಟಿಸುವ ವಿಷಯ ಒಂದಿದೆ. ಹ್ಯಾಟೆಯ ಸಾದಾ ಪುಕ್ಕ ಬರುವುದು ಅವಳ ಅಂಡಾಶಯದ ಹಾರ್ಮೋನ್‌ನಿಂದ. ಆ ಹಾರ್ಮೋನ್ ಇಲ್ಲವಾದರೆ ಹ್ಯಾಟೆಗೂ ಹುಂಜದ ಥರದ ಹೊಳೆಯುವ ಪುಕ್ಕವೇ ಬರುತ್ತದೆ. "ಮಾರಿದವನು ಬೇರೆ ಬಣ್ಣದ ಮರಿ ಕೊಟ್ಟಿದ್ದ, ಈಗ ಕೆಂಪಾಗ್ತಿವೆ" ಅಂತ ಯಜಮಾನರು ಅಂದಿದ್ದಕ್ಕೂ ಉತ್ತರ ಇಲ್ಲೇ ಇತ್ತು. ಮರಿ ಪುಕ್ಕದ ಬಣ್ಣ ಬೇರೆ, ದೊಡ್ಡದಾದ ಮೇಲಿನ ಬಣ್ಣ ಬೇರೆ.

ಇನ್ನೊಂದು ಹಳೆಯ ದೂರೂ ಇತ್ತು. ತಂದಾಗಲೇ ಕೆಲವು ಮರಿಗಳ ಬೆನ್ನು ಬೋಳಾಗಿತ್ತಂತೆ. ಅದು ಗಂಡು ಮರಿಗಳಲ್ಲಿ, ಅದರಲ್ಲೂ ದಪ್ಪ ತಳಿಗಳಲ್ಲಿ ಸಾಮಾನ್ಯ. ಪುಕ್ಕ ಬೇಗ ಬರುವುದು, ತಡವಾಗಿ ಬರುವುದು ಎರಡೂ ಹುಟ್ಟಿನಿಂದ ಬಂದ ಗುಣ. ಕೆಲವು ತಳಿಗಳಲ್ಲಿ ಒಂದು ದಿನದ ಮರಿಯ ರೆಕ್ಕೆಗರಿಯ ಉದ್ದ ನೋಡಿಯೇ ಗಂಡು ಹೆಣ್ಣು ಬೇರೆ ಮಾಡುತ್ತಾರೆ.

ಇಷ್ಟರವರೆಗೆ ಎಲ್ಲವೂ ಸರಿ. ಇಲ್ಲಿಗೇ ನಿಲ್ಲಿಸಿ, "ಏನಿಲ್ಲ ಅಕ್ಕ, ಬೆಳವಣಿಗೆ ಅಷ್ಟೇ" ಅಂತ ಹೇಳಿ ಬಂದುಬಿಡಬಹುದಿತ್ತು. ಆದರೆ ನೆಲದ ಮೇಲಿನ ಪುಕ್ಕ ಬೇರೆ ಕಥೆ ಹೇಳುತ್ತಿತ್ತು.

ಗುಡಿಸಿದ ರಾಶಿಯಿಂದ ಒಂದು ಹಿಡಿ ತೆಗೆದುಕೊಂಡು ಅಂಗಳದ ಬಿಸಿಲಿಗೆ ಹರಡಿದೆವು. ತಾನಾಗಿ ಉದುರಿದ ಪುಕ್ಕದ ಬುಡ ಪೂರ್ತಿ ಇರುತ್ತದೆ. ಒಣಗಿ, ಬೆಳ್ಳಗೆ, ತುದಿ ಮುಚ್ಚಿಕೊಂಡಿರುತ್ತದೆ. ಕೆಳಗಿನಿಂದ ಹೊಸದು ತಳ್ಳಿದಾಗ ಸಲೀಸಾಗಿ ಬಿದ್ದದ್ದು ಅದು. ರಾಶಿಯಲ್ಲಿ ಹೆಚ್ಚಿನವು ಅಂಥವೇ. ಆದರೆ ನಡುವೆ ಬೇರೆ ಥರದವೂ ಇದ್ದವು. ಕೆಲವಕ್ಕೆ ಬುಡವೇ ಇಲ್ಲ, ಅರ್ಧಕ್ಕೆ ಮುರಿದಿವೆ. ಕೆಲವು ಸಣ್ಣ ಬಾಲದ ಪುಕ್ಕಗಳ ಬುಡದಲ್ಲಿ ಒಣಗಿದ ರಕ್ತ. ಅವು ತಾನಾಗಿ ಬಿದ್ದವಲ್ಲ, ಕಿತ್ತವು.

ಮತ್ತೆ ಗೂಡಿಗೆ ಹೋಗಿ ಒಂದೊಂದೇ ಕೋಳಿಯ ಹಿಂಭಾಗ ನೋಡಿದೆವು. ಮೂರು ಹ್ಯಾಟೆಗಳು ಸಿಕ್ಕವು. ಬಾಲದ ಬುಡದಲ್ಲಿ, ಎಣ್ಣೆ ಗ್ರಂಥಿಯ ಸುತ್ತ ಬೋಳು. ಚರ್ಮ ಕೆಂಪು, ಎರಡರಲ್ಲಿ ಚುಕ್ಕೆ ಚುಕ್ಕೆ ಗಾಯ. ತಾನಾಗಿ ಪುಕ್ಕ ಬಿಡುವಾಗ ಎಡಕ್ಕೂ ಬಲಕ್ಕೂ ಒಂದೇ ಥರ ಬೀಳುತ್ತದೆ. ರೆಕ್ಕೆಯಲ್ಲಿ ಒಳಗಿನ ಗರಿಯಿಂದ ಶುರುವಾಗಿ ಹೊರಗಿನ ಗರಿಯ ಕಡೆ ಸಾಲಾಗಿ ಹೋಗುತ್ತದೆ. ಒಂದೇ ಜಾಗದಲ್ಲಿ ಬೋಳು, ಅದೂ ಕೋಳಿಯ ಕೊಕ್ಕು ತನಗೆ ತಾನೇ ಹಾಗೆ ಮಾಡಿಕೊಳ್ಳದ ಜಾಗದಲ್ಲಿ ಅಂದರೆ ಬೇರೆ ಕೋಳಿ ಕುಕ್ಕುತ್ತಿದೆ ಅಂತಲೇ ಲೆಕ್ಕ.

ಹೇನು ಇರಬಹುದಾ ಅಂತ ಮಲದ್ವಾರದ ಸುತ್ತ, ರೆಕ್ಕೆಯ ಅಡಿ ಪುಕ್ಕ ಬಿಡಿಸಿ ನೋಡಿದೆವು. ಹೇನಿದ್ದರೆ ಪುಕ್ಕದ ಬುಡದಲ್ಲಿ ಬಿಳಿ ಮೊಟ್ಟೆಗಳ ಗಂಟು ಕಟ್ಟಿರುತ್ತದೆ. ಇಲ್ಲಿ ಇರಲಿಲ್ಲ. ಕೆಂಪು ಉಣ್ಣಿಯಂಥ ಸಣ್ಣ ಹುಳು ಹಗಲು ಕಾಣುವುದಿಲ್ಲ, ಮರದ ಬಿರುಕಿನಲ್ಲಿ ಅಡಗಿದ್ದು ರಾತ್ರಿ ರಕ್ತ ಕುಡಿಯಲು ಬರುತ್ತದೆ. ರಾತ್ರಿ ಟಾರ್ಚ್ ಹಿಡಿದು ಕೋಳಿ ಕೂರುವ ಕೋಲಿನ ಅಡಿ ನೋಡಿ ಹೇಳಿ ಅಂದೆವು. ಮನೆಯಾಕೆ ನೋಡಿ, ಬಿಳಿ ಬಟ್ಟೆಯಲ್ಲಿ ಒರೆಸಿ, ಏನೂ ಇಲ್ಲ ಅಂತ ಫೋನ್ ಮಾಡಿದರು.

ಹಾಗಾದರೆ ಕುಕ್ಕಾಟ ಯಾಕೆ ಶುರುವಾಯಿತು? ಮಾತಾಡುತ್ತಾ ಕೂತಾಗ ಎರಡು ವಿಷಯ ಹೊರಗೆ ಬಂದವು.

ಒಂದು, ಮೇವು. ಮರಿಗಳ ಜೊತೆ ತಂದಿದ್ದ ಮೂಟೆ ಆಗಸ್ಟ್ ಮೊದಲ ವಾರ ಖಾಲಿಯಾಗಿತ್ತು. ಆಮೇಲಿಂದ ಮನೆಯ ರಾಗಿ ಮತ್ತು ತೌಡು, ಅರ್ಧಕ್ಕರ್ಧ. ರಾಗಿಯಲ್ಲಿ ಪ್ರೋಟೀನ್ ಸುಮಾರು 7 ಶೇಕಡ, ಅಕ್ಕಿ ತೌಡಿನಲ್ಲಿ ಸುಮಾರು 13. ಬೆರೆಸಿದರೆ 10. ಎಂಟು ವಾರ ದಾಟಿದ ಬೆಳೆಯುವ ಕೋಳಿಗೆ ಬೇಕಾದ್ದು ಸುಮಾರು 16. ಪುಕ್ಕ ಅಂದರೆ ಹತ್ತರಲ್ಲಿ ಒಂಬತ್ತು ಪಾಲು ಪ್ರೋಟೀನೇ, ಅದೂ ಗಂಧಕ ಇರುವ ಅಮೈನೋ ಆಮ್ಲಗಳು ಜಾಸ್ತಿ ಬೇಕಾದ ಪ್ರೋಟೀನ್. ಮೈ ಬೆಳೆಯಬೇಕು, ಪುಕ್ಕವನ್ನೂ ಬದಲಿಸಬೇಕು, ತಟ್ಟೆಯಲ್ಲಿ ಮಾತ್ರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇದೆ. ಇಂಥ ಕೋಳಿ ಇನ್ನೊಂದರ ಪುಕ್ಕ ಕಿತ್ತು ತಿನ್ನಲು ಶುರುಮಾಡುತ್ತದೆ. ಎದೆಮೂಳೆ ಮುಟ್ಟಿ ನೋಡಿದಾಗಲೂ ಅದು ವಯಸ್ಸಿಗೆ ಮೀರಿ ಚೂಪಾಗಿತ್ತು.

ಇದಕ್ಕೆ ಪುಕ್ಕದಲ್ಲೇ ಇನ್ನೊಂದು ಸಾಕ್ಷಿ ಸಿಕ್ಕಿತು. ಹೊಸದಾಗಿ ಬಿಚ್ಚಿಕೊಂಡಿದ್ದ ಒಂದು ರೆಕ್ಕೆಗರಿಯನ್ನು ಬೆಳಕಿಗೆ ಅಗಲಿಸಿ ಹಿಡಿದರೆ ಅಡ್ಡಕ್ಕೆ ತೆಳ್ಳಗಿನ ಗೆರೆಗಳು. ಆ ಗೆರೆಯಲ್ಲಿ ಎಳೆ ಸರಿಯಾಗಿ ಕೂಡಿಕೊಂಡಿಲ್ಲ, ಬೆಳಕು ತೂರಿ ಬರುತ್ತದೆ. ಪುಕ್ಕ ಬೆಳೆಯುತ್ತಿರುವಾಗ ಮೇವು ಕಡಿಮೆಯಾದರೆ, ಕೋಳಿ ಹೆದರಿದರೆ ಆ ದಿನದ ಭಾಗ ಹೀಗೆ ಬಡಕಲಾಗುತ್ತದೆ. ಗರಿಯ ತುದಿಯ ಕಡೆ ಗೆರೆ ಇರಲಿಲ್ಲ, ಬುಡದ ಕಡೆ ಇತ್ತು. ತುದಿ ಮೊದಲು ಬೆಳೆದದ್ದು, ಬುಡ ಆಮೇಲಿನದ್ದು. ಮೇವು ಬದಲಾದ ಮೇಲೆ ಬೆಳೆದ ಭಾಗಕ್ಕೇ ಏಟು ಬಿದ್ದಿತ್ತು.

ಎರಡನೆಯದು, ಜಾಗ. ಆಗಸ್ಟ್‌ನಲ್ಲಿ ಬೀದಿನಾಯಿ ಒಂದು ಮರಿ ಹೊತ್ತೊಯ್ದಿತ್ತು. ಆಮೇಲೆ ಮಳೆ ಬೇರೆ. ಉಳಿದ 23 ಕೋಳಿಗಳನ್ನು ಆರಡಿ ಉದ್ದ ನಾಲ್ಕಡಿ ಅಗಲದ ಗೂಡಿನಲ್ಲೇ ದಿನವಿಡೀ ಕೂಡಿಹಾಕಿದ್ದರು. ಒಂದು ಕೋಳಿಗೆ ಒಂದು ಚದರಡಿ ಸಿಕ್ಕಿತು ಅಷ್ಟೆ. ಈ ಗಾತ್ರಕ್ಕೆ ಎರಡಾದರೂ ಬೇಕು, ಹಗಲು ಹೊರಗೆ ಬಿಡಲೇಬೇಕು. ಕೆದಕಲು ನೆಲ ಇಲ್ಲ, ಹೊರಳಲು ಮಣ್ಣಿಲ್ಲ, ಎದುರಿಗೆ ಪಕ್ಕದ ಕೋಳಿಯ ಬಾಲ. ಅದರಲ್ಲಿ ಆಗತಾನೇ ಚಿಗುರಿದ, ರಕ್ತ ತುಂಬಿದ ಪುಕ್ಕ. ಒಂದು ಕುಕ್ಕಿತು, ರಕ್ತ ಬಂತು, ಉಳಿದವೂ ಕಲಿತವು. ಪುಕ್ಕ ಬದಲಾಗುವ ವಯಸ್ಸಿನಲ್ಲಿ ಕುಕ್ಕಾಟ ಜಾಸ್ತಿ ಕಾಣುವುದು ಇದಕ್ಕೇ. ಪುಕ್ಕ ಬಿಡುವುದು ರೋಗವಲ್ಲ ನಿಜ, ಆದರೆ ಕೋಳಿಯ ಮೈಗೆ ಖರ್ಚು ಜಾಸ್ತಿಯಾಗುವ ಕಾಲ ಅದು, ಎಲ್ಲಿ ಕೊರತೆಯಿದೆಯೋ ಅಲ್ಲಿ ತೊಂದರೆ ಕಾಣಿಸಿಕೊಳ್ಳುತ್ತದೆ.

ಆವತ್ತು ತೀರ್ಮಾನಿಸಿದ್ದು ಹೀಗೆ. ಆ್ಯಂಟಿಬಯೋಟಿಕ್ ಬೇಡ. ಸೋಂಕು ಇಲ್ಲದ ಕೋಳಿಗೆ ಅದರಿಂದ ಏನೂ ಸಿಗುವುದಿಲ್ಲ, ಮುಂದೆ ಬೇಕಾದಾಗ ಔಷಧ ಕೆಲಸ ಮಾಡದ ಹಾಗಾಗುತ್ತದೆ. ಅಂಗಡಿಗಳಲ್ಲಿ ಈ ಪುಡಿ ಕೇಳಿದವರಿಗೆಲ್ಲ ಸಿಗುವುದು ನೋಡಿದರೆ ನಿಜಕ್ಕೂ ಆತಂಕವಾಗುತ್ತದೆ.

ಮೂರು ಹ್ಯಾಟೆಗಳನ್ನು ದೊಡ್ಡ ಕುಕ್ಕೆಯ ಅಡಿ ಬೇರೆ ಇಟ್ಟರು, ಉಳಿದವುಗಳ ಕಣ್ಣಿಗೆ ಕಾಣುವ ಹಾಗೆಯೇ. ಪೂರ್ತಿ ದೂರ ಮಾಡಿದರೆ ತಿರುಗಿ ಬಿಟ್ಟಾಗ ಹೊಸ ಕೋಳಿ ಅಂತ ಜಗಳವಾಗುತ್ತದೆ. ಗಾಯವನ್ನು ಉಪ್ಪುನೀರಿನಲ್ಲಿ ತೊಳೆದು ಪೊವಿಡೋನ್ ಅಯೋಡಿನ್ ಹಚ್ಚಿದೆವು.

ಮೇವಿನ ವಿಷಯದಲ್ಲಿ ಸ್ವಲ್ಪ ಚರ್ಚೆಯಾಯಿತು. ಮೊಟ್ಟೆ ಕೋಳಿಯ ಮೇವು ಹಾಕಿಬಿಡೋಣ, ಅದರಲ್ಲಿ ಪ್ರೋಟೀನ್ ಜಾಸ್ತಿ ಅಂತ ಯಜಮಾನರು ಕೇಳಿದರು. ಬೇಡ ಅಂತ ವೈದ್ಯರು ಖಂಡಿತವಾಗಿ ಹೇಳಿದರು. ಅದರಲ್ಲಿ ಸುಣ್ಣದ ಅಂಶ ಶೇಕಡ 3ಕ್ಕಿಂತ ಮೇಲಿರುತ್ತದೆ. ಮೊಟ್ಟೆಗೆ ಬರದ ಕೋಳಿಗೆ ಅಷ್ಟು ಕೊಟ್ಟರೆ ಮೂತ್ರಪಿಂಡ ಕೆಡುತ್ತದೆ. ಬೆಳೆಯುವ ಕೋಳಿಯದ್ದೇ ಮೇವು, ಅಂದರೆ ಗ್ರೋವರ್ ಮ್ಯಾಶ್ ಮುಖ್ಯವಾಗಿರಲಿ, ರಾಗಿ ಸಂಜೆಗೆ ಒಂದು ಹಿಡಿ ಸಾಕು ಅಂತ ಮಾಡಿದೆವು.

ಖರ್ಚು ಅವರಿಗೆ ಭಾರವೇ. ಹಾಗಾಗಿ ಹತ್ತಿರ ಸಿಗುವುದನ್ನು ಹುಡುಕಿದೆವು. ರಾಮನಗರ ರೇಷ್ಮೆಯ ಊರು. ಅಲ್ಲಿ ನೂಲು ತೆಗೆದ ಮೇಲೆ ಗೂಡಿನೊಳಗಿನ ಹುಳು ಉಳಿಯುತ್ತದೆ. ಒಣಗಿಸಿದರೆ ಅದರಲ್ಲಿ ಸುಮಾರು ಅರ್ಧ ಪಾಲು ಪ್ರೋಟೀನ್, ಪುಕ್ಕಕ್ಕೆ ಬೇಕಾದ ಅಮೈನೋ ಆಮ್ಲವೂ ಚೆನ್ನಾಗಿದೆ. ಕಡಲೆಕಾಯಿ ಹಿಂಡಿಯಲ್ಲಿ ಅದು ಕಡಿಮೆ, ಜೊತೆಗೆ ಹಿಂಡಿಗೆ ಬೂಷ್ಟು ಹಿಡಿದರೆ ವಿಷ. ರೇಷ್ಮೆ ಹುಳುವಿಗೂ ಒಂದು ತೊಂದರೆ ಇದೆ. ಕೊಬ್ಬು ಜಾಸ್ತಿ ಇರುವುದರಿಂದ ಬೇಗ ಕಮಟು ವಾಸನೆ ಬರುತ್ತದೆ. ಸ್ವಲ್ಪ ಸ್ವಲ್ಪ ತಂದು, ಚೆನ್ನಾಗಿ ಒಣಗಿಸಿ, ಮೇವಿನ ಜೊತೆ ಸ್ವಲ್ಪವೇ ಬೆರೆಸಲು ಹೇಳಿದೆವು. ಹೊಲದ ಬದುವಿನಲ್ಲಿ ಗೆದ್ದಲು ಸಿಕ್ಕ ದಿನ ಅಜ್ಜಿ ಅದನ್ನೂ ತಂದು ಹಾಕುತ್ತಿದ್ದರು. ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಹಿತ್ತಲಿಗೆ ಹಳೆ ಮೀನುಬಲೆ ಕಟ್ಟಿ ಬೇಲಿ ಮಾಡಿದರು. ಹಗಲೆಲ್ಲ ಹೊರಗೆ, ರಾತ್ರಿ ಮಾತ್ರ ಗೂಡು. ಒಂದು ಮೂಲೆಯಲ್ಲಿ ಬೂದಿ ಮಣ್ಣು ಬೆರೆಸಿ ಗುಂಡಿ ಮಾಡಿದರು. ಕೋಳಿಯ ಕತ್ತಿನ ಎತ್ತರಕ್ಕೆ ನುಗ್ಗೆ ಸೊಪ್ಪಿನ ಕಟ್ಟು ನೇತುಹಾಕಿದರು, ಕುಕ್ಕುವ ಚಪಲ ಅದರ ಮೇಲೆ ತೀರಲಿ ಅಂತ.

ಲಸಿಕೆಯದ್ದೂ ಒಂದು ಲೋಪ ಇತ್ತು. ಎಂಟು ವಾರಕ್ಕೆ ಹಾಕಬೇಕಿದ್ದ ಕೊಕ್ಕರೆ ರೋಗದ ಆರ್‌2ಬಿ ಚುಚ್ಚುಮದ್ದು ತಪ್ಪಿತ್ತು. ಮೇವು ಸರಿಹೋಗಿ ಕುಕ್ಕಾಟ ನಿಂತ ಮೇಲೆ ವೈದ್ಯರು ಬಂದು ಹಾಕಿದರು. ಪುಕ್ಕ ಬದಲಾಗುತ್ತಿದೆ ಅನ್ನುವುದು ಲಸಿಕೆ ಬಿಡಲು ಕಾರಣವಲ್ಲ. ಹಸಿದ, ಗಾಯಗೊಂಡ ಕೋಳಿಗೆ ಆ ಚುಚ್ಚುಮದ್ದು ಭಾರವಾಗುತ್ತದೆ ಅನ್ನುವುದಕ್ಕೆ ಸ್ವಲ್ಪ ಕಾದದ್ದು.

ಅಕ್ಟೋಬರ್ ಹೊತ್ತಿಗೆ ಹುಂಜಗಳ ಕತ್ತು ಪೂರ್ತಿ ತುಂಬಿಕೊಂಡಿತ್ತು. ನೆಲದಲ್ಲಿ ಬೀಳುತ್ತಿದ್ದ ಪುಕ್ಕ ತಾನಾಗಿ ಕಡಿಮೆಯಾಯಿತು. ರಕ್ತದ ಬುಡದ ಪುಕ್ಕ ಒಂದೂ ಸಿಗಲಿಲ್ಲ. ಮೂರು ಹ್ಯಾಟೆಗಳಲ್ಲಿ ಎರಡಕ್ಕೆ ಬಾಲದ ಬುಡದಲ್ಲಿ ಹೊಸ ಪುಕ್ಕ ಬಂತು. ಮೂರನೆಯದು ಹಾಗೇ ಉಳಿಯಿತು, ಮೋಟು ಮೋಟಾಗಿ. ಮನೆಯಾಕೆ ಮತ್ತೆ ಕೇಳಿದರು, "ಇದಕ್ಕೆ ಮಾತ್ರ ಯಾಕಣ್ಣ ಬರ್ಲಿಲ್ಲ?" ಮೊದಲೆರಡರ ಪುಕ್ಕ ಬುಡಸಮೇತ ಕಿತ್ತಿತ್ತು. ಗುಳಿ ಖಾಲಿಯಾದ ಕೂಡಲೇ ಹೊಸದು ಬೆಳೆಯಲು ಶುರುವಾಗುತ್ತದೆ. ಮೂರನೆಯದರಲ್ಲಿ ಪುಕ್ಕ ಮುರಿದಿತ್ತು, ಬುಡ ಒಳಗೇ ಇತ್ತು. ಮೋಟು ಕೂತಿರುವವರೆಗೆ ಮೈಗೆ ಹೊಸದು ಕಳಿಸಬೇಕು ಅಂತ ತಿಳಿಯುವುದಿಲ್ಲ. ಮುಂದಿನ ಸಲ ಪುಕ್ಕ ಬದಲಾಗುವವರೆಗೆ ಕಾಯಬೇಕು. ಕೀಳಲು ಹೋಗಬೇಡಿ ಅಂದೆ.

ಆ ಮುಂದಿನ ಸಲ 20 ವಾರ ದಾಟಿದ ಮೇಲೆ, ನವೆಂಬರ್‌ನಲ್ಲಿ ಬಂತು. ಅದು ಮೊಟ್ಟೆಗೆ ಮುಂಚಿನ ಕೊನೆಯ ಬದಲಾವಣೆ, ಬಾಲದ ಗಟ್ಟಿ ಗರಿಗಳು ಬರುವುದು ಆಗಲೇ. ಈ ಸಲ ಮನೆಯವರು ಫೋನ್ ಮಾಡಿದ್ದು ಹೆದರಿ ಅಲ್ಲ. ಬಿದ್ದ ಪುಕ್ಕದ ಬುಡ ನೋಡಿದ್ದರು, ಒಣಗಿ ಮುಚ್ಚಿಕೊಂಡಿತ್ತು ಅಂತ ಹೇಳಿದರು. ಮೋಟು ಬಾಲದ ಹ್ಯಾಟೆಗೂ ಗರಿ ಬಂತು, ಉಳಿದವಕ್ಕಿಂತ ತುಸು ತಡವಾಗಿ. ಡಿಸೆಂಬರ್‌ನಲ್ಲಿ ಮಂದೆಯಲ್ಲಿ ಮೊದಲ ಮೊಟ್ಟೆ ಸಿಕ್ಕಿತು. ಅದಾದ ಮೇಲೆ ಸುಣ್ಣದ ಅಂಶ ಇರುವ ಮೊಟ್ಟೆ ಕೋಳಿಯ ಮೇವು ಶುರುಮಾಡಿದರು.